ಆಂಟಿಗಾದ ಪುಟ್ಟ ರೆಸಾರ್ಟ್: ಹಣ ಕಟ್ಟುವ ಮುನ್ನ ನೋಡಬೇಕಾದದ್ದು

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾವು, ಮೈಸೂರಿನಿಂದ ಬಂದಿದ್ದ ಅಮ್ಮನನ್ನೂ ಒಂಬತ್ತು ವರ್ಷದ ಮಗನನ್ನೂ ಕರೆದುಕೊಂಡು, ಫೆಬ್ರುವರಿಯಲ್ಲಿ ಆರು ರಾತ್ರಿಗಳ ಮಟ್ಟಿಗೆ ಕೆರಿಬಿಯನ್ನಿನ ಆಂಟಿಗಾ ದ್ವೀಪಕ್ಕೆ ಹೋಗಿಬಂದೆವು. ಉಳಿದುಕೊಂಡದ್ದು ನಲವತ್ತಕ್ಕಿಂತ ಕಡಿಮೆ ಕೋಣೆಗಳಿರುವ ಒಂದು ಆಲ್ ಇನ್‌ಕ್ಲೂಸಿವ್ ರೆಸಾರ್ಟಿನಲ್ಲಿ. ಕೋಣೆ, ಮೂರು ಹೊತ್ತಿನ ಊಟ, ಪಾನೀಯಗಳು, ಕಯಾಕ್‌ನಂಥ ಸಣ್ಣಪುಟ್ಟ ಜಲಕ್ರೀಡೆ ಎಲ್ಲಕ್ಕೂ ಸೇರಿಸಿ ಮೊದಲೇ ಒಂದೇ ಮೊತ್ತ ಕಟ್ಟುವ ವ್ಯವಸ್ಥೆ ಅದು. ಅಷ್ಟು ಹಣ ಕೊಟ್ಟು ಹೋಗಬಹುದೇ ಎಂದು ಸ್ನೇಹಿತರು ಕೇಳುತ್ತಲೇ ಇದ್ದಾರೆ. ಹೋಗಬಹುದು, ಆದರೆ ಚಿತ್ರಗಳನ್ನು ನೋಡಿ ಅಲ್ಲ, ಆ ತೀರ ಯಾವ ದಿಕ್ಕಿಗಿದೆ ಮತ್ತು ಅಲ್ಲಿಯ ಅಡುಗೆಮನೆ ನಿಮ್ಮ ಮಾತು ಕೇಳುತ್ತದೆಯೇ ಎಂಬುದನ್ನು ತಿಳಿದುಕೊಂಡ ಮೇಲೆ.

ಅದಕ್ಕೂ ಮೊದಲು ಕಾಗದಪತ್ರಗಳ ವಿಷಯ ಹೇಳಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆಂಟಿಗಾ ಪ್ರವೇಶಕ್ಕೆ ವೀಸಾ ಬೇಕು. ಅಮೆರಿಕದ ಚಾಲ್ತಿ ವೀಸಾ ಇದ್ದವರು ವಿಮಾನ ನಿಲ್ದಾಣದಲ್ಲೇ ಶುಲ್ಕ ಕಟ್ಟಿ ಪಡೆಯುವ ಅವಕಾಶವಿದೆಯಾದರೂ, ಟಿಕೆಟ್ ಕೊಳ್ಳುವ ದಿನದ ನಿಯಮವನ್ನು ಅಲ್ಲಿಯ ಸರ್ಕಾರದ ಜಾಲತಾಣದಲ್ಲಿ ನೋಡಿಕೊಳ್ಳುವುದು ಕ್ಷೇಮ. ಅದಕ್ಕಿಂತ ದೊಡ್ಡ ಅಪಾಯ ಹಿಂತಿರುಗುವಾಗಿನದು. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಅವಧಿ ಮುಗಿದಿದ್ದರೂ ಕೆನಡಾ ಅಥವಾ ಮೆಕ್ಸಿಕೋಗೆ 30 ದಿನಗಳೊಳಗೆ ಹೋಗಿಬರಲು ಇರುವ ಸವಲತ್ತು, ಕೆರಿಬಿಯನ್ ದ್ವೀಪಗಳ ಮಟ್ಟಿಗೆ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ ಅನ್ವಯಿಸುತ್ತದೆ. ಎಚ್-1ಬಿ (ಉದ್ಯೋಗ), ಎಚ್-4 (ಉದ್ಯೋಗಿಯ ಕುಟುಂಬ) ವೀಸಾದ ನಮ್ಮಂಥವರಿಗೆ ಅನ್ವಯಿಸುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಟಿಕೆಟ್ ಕೊಂಡುಬಿಟ್ಟವರನ್ನು ನಾನು ಬಲ್ಲೆ. ದಯವಿಟ್ಟು ಎಲ್ಲಕ್ಕಿಂತ ಮೊದಲು ನಿಮ್ಮ ವೀಸಾದ ದಿನಾಂಕ ನೋಡಿಕೊಳ್ಳಿ.

ಇನ್ನು ದಿಕ್ಕಿನ ಮಾತು. ವರ್ಷದ ದಿನಕ್ಕೊಂದರಂತೆ 365 ಕಡಲತೀರಗಳಿವೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುವ ಈ ದ್ವೀಪದ ವಿಸ್ತೀರ್ಣ ಸುಮಾರು 280 ಚದರ ಕಿಲೋಮೀಟರ್ ಮಾತ್ರ. ಇಷ್ಟು ಚಿಕ್ಕ ನೆಲದಲ್ಲೂ ಪೂರ್ವದ ಕಡಲಿಗೂ ಪಶ್ಚಿಮದ ಕಡಲಿಗೂ ಅಜಗಜಾಂತರ. ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುವುದರಿಂದ ಅಟ್ಲಾಂಟಿಕ್ ಕಡೆಯ ತೀರಗಳಲ್ಲಿ ಅಲೆಯ ಹೊಡೆತ ಜೋರಾಗಿರುತ್ತದೆ. ಸಾರ್ಗಾಸಮ್ ಎಂಬ ಕಂದು ಕಡಲಪಾಚಿ ರಾಶಿರಾಶಿಯಾಗಿ ಬಂದು ಬೀಳುವುದೂ ಹೆಚ್ಚಾಗಿ ಅತ್ತಲೇ, ಅದು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಡಾರ್ಕ್‌ವುಡ್, ಜಾಲಿ ಬೀಚ್ ಮೊದಲಾದವು ಇರುವ ಪಶ್ಚಿಮ ಕರಾವಳಿಯಲ್ಲಿ ನೀರು ಬಹುತೇಕ ಕೆರೆಯಂತೆ ಶಾಂತ. ಈಜು ಬಾರದ ಅಮ್ಮ ಸೊಂಟದುದ್ದ ನೀರಿನಲ್ಲಿ ನೆಮ್ಮದಿಯಾಗಿ ನಿಂತದ್ದು ನಾವು ಪಶ್ಚಿಮ ತೀರವನ್ನು ಆರಿಸಿಕೊಂಡಿದ್ದರಿಂದಲೇ. ಮಕ್ಕಳು, ಹಿರಿಯರು ಜೊತೆಗಿದ್ದರೆ ನಕಾಶೆಯಲ್ಲಿ ರೆಸಾರ್ಟ್ ಯಾವ ಮಗ್ಗುಲಲ್ಲಿದೆ ಎಂಬುದನ್ನೇ ಮೊದಲು ಹುಡುಕಿ.

ತೀರದ ಅಂಚಿನಲ್ಲಿ ಮ್ಯಾಂಚಿನೀಲ್ ಎಂಬ ಮರ ಬೆಳೆಯುತ್ತದೆ. ಪುಟ್ಟ ಹಸಿರು ಸೇಬಿನಂಥ ಅದರ ಹಣ್ಣು ವಿಷ, ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮಳೆಯಲ್ಲಿ ಅದರ ಕೆಳಗೆ ನಿಲ್ಲುವುದೂ ಸಲ್ಲ. ಮಕ್ಕಳಿಗೆ ಮೊದಲ ದಿನವೇ ತೋರಿಸಿಕೊಡಿ.

ಅಡುಗೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಸಸ್ಯಾಹಾರಿಗಳಿಗೆ ಆಲ್ ಇನ್‌ಕ್ಲೂಸಿವ್ ಲೆಕ್ಕ ನಿಲ್ಲುವುದೂ ಬೀಳುವುದೂ ಅಲ್ಲಿಯೇ. ನಾವು ಕಾಯ್ದಿರಿಸುವಾಗ ಸಸ್ಯಾಹಾರ ಎಂದು ಬರೆದಿದ್ದೆವು. ಆದರೂ ಮೊದಲ ರಾತ್ರಿ ಅಮ್ಮನ ಮುಂದೆ ಬಂದದ್ದು ಮೀನು. ಅದು ಉದಾಸೀನವಲ್ಲ, ಮೀನನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಅಲ್ಲಿ ಅನೇಕರು. ಅನ್ನವನ್ನು ಉಪ್ಪು ಹಾಕಿಟ್ಟ ಮಾಂಸದೊಂದಿಗೆ ಬೇಯಿಸುವ ರೂಢಿಯೂ ಇದೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಒಂದೊಂದನ್ನೂ ಹೆಸರಿಸಿ, ಒಂದು ವಾರ ಮೊದಲೇ ಬರೆಯಬೇಕು. ಚಿಕ್ಕ ರೆಸಾರ್ಟಿನ ನಿಜವಾದ ಲಾಭ ಕಂಡದ್ದು ಮರುದಿನ. ಅಡುಗೆಯವರೇ ಮೇಜಿನ ಬಳಿ ಬಂದು ಅಮ್ಮನಿಗೆ ಏನು ಸೇರುತ್ತದೆಂದು ಕೇಳಿ ತಿಳಿದುಕೊಂಡರು. ಜೋಳದ ಹಿಟ್ಟನ್ನು ಬೆಂಡೆಕಾಯಿಯೊಂದಿಗೆ ತೊಳಸಿ ಮಾಡುವ ಫಂಜಿ ಎಂಬ ಮುದ್ದೆಯನ್ನು ತರಕಾರಿ ಪಲ್ಯದೊಂದಿಗೆ ಬಡಿಸಿದರು. ತುರಿದ ಗೆಣಸು, ತೆಂಗಿನಕಾಯಿ, ಸಕ್ಕರೆ, ಹಿಟ್ಟು ಕಲಸಿ ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಡುಕಾನವನ್ನು ಅಮ್ಮ ಬಿಡಿಸಿ ನೋಡಿ, ‘ಇದು ನಮ್ಮ ಕಡುಬೇ ಅಲ್ಲವೇನೋ’ ಎಂದು ಎರಡು ತಿಂದರು. ಅದನ್ನು ಉಪ್ಪುಮೀನಿನ ಜೊತೆ ಬಡಿಸುವುದು ಅಲ್ಲಿಯ ಪದ್ಧತಿಯಾದ್ದರಿಂದ ಪ್ರತ್ಯೇಕವಾಗಿ ಕೇಳಬೇಕು. ಚಟ್ನಿಪುಡಿ, ಉಪ್ಪಿನಕಾಯಿ ನಮ್ಮ ಚೀಲದಲ್ಲೇ ಇದ್ದವು. ಇದ್ದ ಒಂದೇ ಭೋಜನಶಾಲೆಯಲ್ಲಿ ನಾಲ್ಕನೆಯ ದಿನದಿಂದ ತಿನಿಸುಗಳು ಮರುಕಳಿಸತೊಡಗಿದವು ಎಂಬುದನ್ನೂ ಹೇಳಬೇಕು.

ಹಣದ ಲೆಕ್ಕದಲ್ಲಿ ಮರೆಯಬಾರದ ಅಂಶವೆಂದರೆ, ಈ ಮೊತ್ತದಲ್ಲಿ ಮದ್ಯದ ವೆಚ್ಚವೂ ಸೇರಿರುತ್ತದೆ. ಕುಡಿಯದ ನಾಲ್ವರು ಬೇರೆಯವರ ಪಾನೀಯಕ್ಕೂ ಹಣ ತೆತ್ತಂತಾಗುತ್ತದೆ. ಕುಡಿಯದವರಿಗೆ ದರ ಇಳಿಸುತ್ತಾರೆಯೇ, ಇಲ್ಲವೇ ಕೋಣೆ ಮತ್ತು ಉಪಾಹಾರ ಮಾತ್ರದ ದರವಿದೆಯೇ ಎಂದು ವಿಚಾರಿಸಿ. ಅಂಥ ಚಿಕ್ಕ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಹಿರಿಯರಿಗಾಗಿ ನೆಲಮಹಡಿಯ ಕೋಣೆಯನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಫೆಬ್ರುವರಿ ಒಣ ಹವೆಯ ಕಾಲವಾದ್ದರಿಂದ ದರ ಹೆಚ್ಚು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು, ಆಗ ಅಗ್ಗ. ಆದರೆ 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಪಕ್ಕದ ಬಾರ್ಬುಡಾ ದ್ವೀಪವನ್ನು ಎಷ್ಟು ಹಾಳುಗೆಡವಿತೆಂದರೆ ಅಲ್ಲಿಯ ಜನರೆಲ್ಲರನ್ನೂ ಆಂಟಿಗಾಕ್ಕೆ ಸಾಗಿಸಬೇಕಾಯಿತು. ಪ್ರಯಾಣ ವಿಮೆಯಿಲ್ಲದೆ ಆ ತಿಂಗಳುಗಳಲ್ಲಿ ಹೋಗಬೇಡಿ.

ರೆಸಾರ್ಟಿನಿಂದ ಹೊರಗೆ ಸುತ್ತಿದ ದಿನ ಊಟಕ್ಕೆ ಎರಡು ಸಲ ಹಣ ಕೊಟ್ಟಂತಾಗುತ್ತದೆ. ನಾವು ಬುತ್ತಿ ಕಟ್ಟಿಕೊಡುವಂತೆ ಕೇಳಿದೆವು, ಕೊಟ್ಟರು. ಟ್ಯಾಕ್ಸಿಗೆ ಮೀಟರ್ ಇಲ್ಲ, ಸರ್ಕಾರ ನಿಗದಿಪಡಿಸಿದ ದರವಿದೆ; ಹತ್ತುವ ಮೊದಲೇ ಅದು ಅಮೆರಿಕದ ಡಾಲರಿನಲ್ಲೋ ಪೂರ್ವ ಕೆರಿಬಿಯನ್ ಡಾಲರಿನಲ್ಲೋ ಎಂದು ಸ್ಪಷ್ಟಪಡಿಸಿಕೊಳ್ಳಿ, ಏಕೆಂದರೆ ಒಂದು ಅಮೆರಿಕನ್ ಡಾಲರಿಗೆ ಅಲ್ಲಿಯ 2.70 ಡಾಲರ್. 2016ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಬ್ರಿಟಿಷರ ಕಾಲದ ನೌಕಾನೆಲೆ ನೆಲ್ಸನ್ಸ್ ಡಾಕ್‌ಯಾರ್ಡ್ ಮತ್ತು ಅದರ ಮೇಲಿನ ಶರ್ಲಿ ಹೈಟ್ಸ್ ಗುಡ್ಡಕ್ಕೆ ಅರ್ಧ ದಿನ ಬೇಕು. ಹಿಂತಿರುಗುವಾಗ ನಾನು ರಾಜಧಾನಿ ಸೇಂಟ್ ಜಾನ್ಸ್ ಊರಿನ ಹಳೆಯ ಆಂಟಿಗಾ ರಿಕ್ರಿಯೇಷನ್ ಕ್ರಿಕೆಟ್ ಮೈದಾನದ ಬಳಿ ಟ್ಯಾಕ್ಸಿ ನಿಲ್ಲಿಸಿದೆ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಬೌಲ್ ಮಾಡಿ ವೆಸ್ಟ್ ಇಂಡೀಸ್‌ನ ಬ್ಯಾಟ್ಸ್‌ಮನ್ ಬ್ರಿಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ಇಲ್ಲಿಯೇ ಎಂದು ಮಗನಿಗೆ ತೋರಿಸಿದೆ. ಅಲ್ಲಿ ನಿಂತು ನೋಡಲು ಹದಿನೈದು ನಿಮಿಷ ಸಾಕು. ಟ್ಯಾಕ್ಸಿಯವರಿಗೆ ಮೊದಲೇ ತಿಳಿಸಿದರೆ ಕಾಯುತ್ತಾರೆ.