ಹರ್ಮಿಸ್ ಹಡಗಿನ ಡೈವ್: ನಮ್ಮ ಮಲೆನಾಡಿನಿಂದ ಹೊರಡುವವರಿಗೆ

ಶ್ರೀಲಂಕಾದ ಬಟ್ಟಿಕಲೋವಾ ಹತ್ತಿರ ಮುಳುಗಿರುವ ಬ್ರಿಟಿಷ್ ಯುದ್ಧಹಡಗು ಎಚ್‌ಎಂಎಸ್ ಹರ್ಮಿಸ್ ನೋಡುವ ಆಸೆ ಇದ್ದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಹೋಗಿ. ಆ ಕಡೆ ಕಡಲು ಸೆಪ್ಟೆಂಬರ್‌ವರೆಗೂ ಶಾಂತವಾಗಿರುತ್ತದೆ ನಿಜ. ಆದರೆ ಮಳೆ ಹಿಡಿದರೆ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕೆಲಸ ಶುರು, ತೋಟ ಬಿಟ್ಟು ಹೊರಡಲು ಆಗುವುದಿಲ್ಲ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ, ಅಲ್ಲಿಂದ ಮುಂದೆ ನಾವು ಕಾರು ಮಾಡಿಕೊಂಡೆವು.

ಹಡಗು ಇರುವುದು ಸುಮಾರು 53 ಮೀಟರ್ ಆಳದಲ್ಲಿ. ಮಾಮೂಲಿ ಡೈವಿಂಗ್‌ಗೆ 40 ಮೀಟರೇ ಕೊನೆ. ಹಾಗಾಗಿ ಡಿಕಂಪ್ರೆಷನ್ (ಅಲ್ಲಲ್ಲಿ ನಿಂತು ನಿಧಾನವಾಗಿ ಮೇಲೆ ಬರುವುದು) ಮತ್ತು ಟ್ರೈಮಿಕ್ಸ್ (ಆಮ್ಲಜನಕ, ನೈಟ್ರೋಜನ್, ಹೀಲಿಯಂ ಬೆರೆಸಿದ ಗ್ಯಾಸ್) ತರಬೇತಿ ಇಲ್ಲದೆ ಹೋಗಲೇಬೇಡಿ. ಅದಕ್ಕೂ ಮೊದಲು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಕೈ ಪಳಗಿಸಿಕೊಳ್ಳಬಹುದು. ಆದರೆ ಡೈವ್ ಮುಗಿಸಿ ಅವತ್ತೇ ಸಂಜೆ ಘಟ್ಟ ಹತ್ತಬೇಡಿ, ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ನಮ್ಮ ಊರುಗಳು ಸುಮಾರು 600 ಮೀಟರ್ ಎತ್ತರದಲ್ಲಿವೆ. ಮೇಲೆ ಬಂದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆ ಕಟ್ಟಬಹುದು. ಈ ಮಾತನ್ನು ನಮ್ಮ ಕಡೆಯವರಿಗೆ ಯಾರೂ ಹೇಳುವುದಿಲ್ಲ.

ಹರ್ಮಿಸ್ ಇರುವ ಆಳದಲ್ಲಿ ಒತ್ತಡ ನೀರಿನ ಮೇಲಿನ ಒತ್ತಡದ ಆರು ಪಟ್ಟಿಗಿಂತ ಜಾಸ್ತಿ. ಸಿಲಿಂಡರ್ ಅದೇ ಲೆಕ್ಕದಲ್ಲಿ ಬೇಗ ಖಾಲಿಯಾಗುತ್ತದೆ. ಬರೀ ಗಾಳಿ ಉಸಿರಾಡಿದರೆ ತಲೆಗೆ ಅಮಲು ಏರುತ್ತದೆ, ಅದಕ್ಕೇ ಹೀಲಿಯಂ ಬೆರೆಸುವುದು. ಹೀಲಿಯಂ ದುಬಾರಿ, ಮುಂಚೆಯೇ ಹೇಳಿಡಬೇಕು. ಕೆಳಗೆ 20 ನಿಮಿಷ ಇದ್ದರೆ ಮೇಲೆ ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. 21 ಮೀಟರ್‌ಗೆ ಬಂದಾಗ 50 ಶೇಕಡಾ ಆಮ್ಲಜನಕದ ಸಿಲಿಂಡರ್, 6 ಮೀಟರ್‌ನಲ್ಲಿ ಶುದ್ಧ ಆಮ್ಲಜನಕ. ಇದನ್ನೇ ಆಳದಲ್ಲಿ ತಪ್ಪಿ ಬಾಯಿಗಿಟ್ಟರೆ ಸೆಳವು ಬಂದು ಅಲ್ಲೇ ಮುಳುಗಿ ಸಾಯಬಹುದು. ನನ್ನ ಜೊತೆಗಿದ್ದ ತೀರ್ಥಹಳ್ಳಿಯ ಗೆಳೆಯ ಪ್ರತಿ ಸಲ ಸಿಲಿಂಡರ್ ಮೇಲೆ ದಪ್ಪಗೆ ಬರೆದ ಆಳವನ್ನು ಬೆರಳಿಟ್ಟು ತೋರಿಸುತ್ತಿದ್ದ. ನಾನು ಓದಿ, ಪೈಪು ಎಲ್ಲಿಂದ ಬಂದಿದೆ ಅಂತ ಕೈಯಲ್ಲಿ ಹಿಡಿದು ನೋಡಿ, ತಲೆಯಾಡಿಸಿದ ಮೇಲೆಯೇ ಬದಲಾಯಿಸುತ್ತಿದ್ದ. ಗ್ಯಾಸ್ ಪರೀಕ್ಷೆಯನ್ನೂ ನೀವೇ ಮಾಡಿ, ಅಂಗಡಿಯವರ ಮಾತು ಸಾಲದು.

ಹರ್ಮಿಸ್ ವಿಮಾನ ಹೊರುವ ಹಡಗು. 1942ರ ಏಪ್ರಿಲ್ 9ರಂದು ಜಪಾನಿನ ಬಾಂಬರ್‌ಗಳು ಎರಗಿದಾಗ ಅದರಲ್ಲಿ ಒಂದೂ ವಿಮಾನ ಇರಲಿಲ್ಲ. ಕ್ಯಾಪ್ಟನ್ ಆನ್‌ಸ್ಲೋ ಸೇರಿ 307 ಜನ ಸತ್ತರು. ಉಳಿದವರನ್ನು ವೀಟಾ ಎಂಬ ಆಸ್ಪತ್ರೆ ಹಡಗು ಎತ್ತಿಕೊಂಡಿತು. ಮಗ್ಗುಲಾಗಿ ಮಲಗಿದ ಆ ಉಕ್ಕಿನ ಗೋಡೆ ಹತ್ತಿರ ಹೋದಾಗ ನನಗೆ ಒಳಗೆ ನುಗ್ಗುವ ಮನಸ್ಸೇ ಬರಲಿಲ್ಲ. ಅದು ಸಮಾಧಿ. ಒಂದು ಚೂರನ್ನೂ ಮುಟ್ಟಬೇಡಿ, ತರಬೇಡಿ.

ಮೊದಲ ದಿನವೇ ಇಲ್ಲಿಗೆ ಇಳಿಯಬೇಡಿ. ಅದೇ ದಾಳಿಯಲ್ಲಿ ಮುಳುಗಿದ ಬ್ರಿಟಿಷ್ ಸಾರ್ಜೆಂಟ್ ಎಂಬ ತೈಲ ಸಾಗಿಸುವ ಹಡಗು ಸುಮಾರು 25 ಮೀಟರ್‌ನಲ್ಲಿದೆ, ಸಾಮಾನು ಸರಿಯಿದೆಯಾ ಅಂತ ಅಲ್ಲಿ ನೋಡಿಕೊಳ್ಳಿ. ಹಣ ಕಟ್ಟುವ ಮೊದಲು ಹತ್ತಿರದ ರಿಕಂಪ್ರೆಷನ್ ಚೇಂಬರ್ (ಮೈಯಲ್ಲಿ ಗುಳ್ಳೆ ಕಟ್ಟಿದವರನ್ನು ಮತ್ತೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ, ಅಲ್ಲಿಗೆ ಹೇಗೆ ಒಯ್ಯುತ್ತಾರೆ ಅಂತ ಕೇಳಿ. ಡೈವಿಂಗ್ ವಿಮೆ ಬೇಕೇ ಬೇಕು. ಕೊನೆಯ ಡೈವ್ ಆದ ಮೇಲೆ ಕನಿಷ್ಠ 24 ಗಂಟೆ ವಿಮಾನ ಹತ್ತುವಂತಿಲ್ಲ, ವಾಪಸ್ ಟಿಕೆಟ್ ಅದನ್ನು ನೋಡಿಕೊಂಡೇ ಮಾಡಿಸಿ.