ಕ್ಯಾಮೆರಾ ಸ್ಟ್ರಾಪ್ ಮೇಲೆ ಒಂದು ಕಣ್ಣಿರಲಿ

ಲೆನ್ಸ್ ಒರೆಸೋಕೆ ಎಲ್ಲರಿಗೂ ನೆನಪಿರುತ್ತದೆ, ಸ್ಟ್ರಾಪ್ ಕಟ್ಟಿರುವ ಜಾಗವನ್ನು ಮಾತ್ರ ಯಾರೂ ನೋಡುವುದಿಲ್ಲ, ಅಲ್ವಾ? ಕ್ಯಾಮೆರಾ ಕೆಳಗೆ ಬೀಳುವುದು ಎಷ್ಟೋ ಸಲ ಅಲ್ಲಿಂದಲೇ. ಪಟ್ಟಿ ಕಿತ್ತುಹೋಗುವುದು ಕಡಿಮೆ. ಬಕಲ್ ಒಳಗಿಂದ ಅದು ದಿನಕ್ಕಿಷ್ಟು ಅಂತ ಜಾರುತ್ತಾ ಬಂದು, ಕೊನೆಗೆ ಪೂರ್ತಿ ಹೊರಬರುತ್ತದೆ. ಅದಕ್ಕೇ ತುದಿಯನ್ನು ಬಕಲ್ ಒಳಗೆ ಎರಡನೇ ಸಲ ತೂರಿಸಿ, ಒಂದೆರಡು ಇಂಚು ಉಳಿಸಿ, ಜೋರಾಗಿ ಎಳೆದು ನೋಡಿ.

ಸ್ಟ್ರಾಪ್ ಕ್ಯಾಮೆರಾಗೆ ಸೇರುವ ಕಡೆ ತ್ರಿಕೋನದ ಉಂಗುರ ಇದ್ದರೆ ಅದರ ಬಾಯಿ ಅಗಲವಾಗಿದೆಯಾ, ಕೊಂಡಿ ಸವೆದಿದೆಯಾ ನೋಡಿ. ಸವೆದಿದ್ದರೆ ಸುಮ್ನೆ ಬದಲಾಯಿಸಿ, ಯೋಚನೆ ಬೇಡ.

ಕ್ಯಾಮೆರಾ ತಳದಲ್ಲಿ ಟ್ರೈಪಾಡ್ ಕೂರಿಸುವ ತೂತಿಗೆ ತಿರುಗಿಸುವ ಸ್ಲಿಂಗ್ ಸ್ಟ್ರಾಪ್ (ಎದೆಗೆ ಅಡ್ಡಲಾಗಿ ಹಾಕುವ ಪಟ್ಟಿ) ಬಗ್ಗೆ ನನಗೆ ಜಾಸ್ತಿ ಭಯ. ಇಡೀ ಭಾರ ಕಾಲು ಇಂಚಿನ ಒಂದೇ ಸ್ಕ್ರೂ ಮೇಲೆ, ಅದೂ ನಡೆಯುವಾಗಿನ ಅಲುಗಾಟಕ್ಕೆ ಮೆಲ್ಲಗೆ ಸಡಿಲಾಗುತ್ತದೆ! ಅದನ್ನು ಬಳಸುವುದಾದರೆ ಸ್ಟ್ರಾಪ್‌ನಿಂದ ಕ್ಯಾಮೆರಾದ ಪಕ್ಕದ ಕೊಂಡಿಗೆ ಇನ್ನೊಂದು ಗಟ್ಟಿ ದಾರ ಕಟ್ಟಲೇಬೇಕು. ಒಂದು ಬಿಟ್ಟರೂ ಇನ್ನೊಂದು ಹಿಡಿಯುತ್ತದೆ.

ಚಿಕ್ಕ ಕ್ಯಾಮೆರಾಗೆ ಮಣಿಕಟ್ಟಿನ ಸ್ಟ್ರಾಪ್ ಸಾಕು. ಉದ್ದ ಸ್ಟ್ರಾಪನ್ನು ಒಂದೇ ಹೆಗಲಿಗೆ ನೇತುಹಾಕುವ ಬದಲು ಎದೆಗೆ ಅಡ್ಡಲಾಗಿ ಹಾಕಿಕೊಂಡರೆ ಹೆಗಲಿಂದ ಜಾರುವುದಿಲ್ಲ. ಭಾರದ ಉದ್ದ ಲೆನ್ಸ್ ಇದ್ದರೆ ಮಾತ್ರ ಸ್ಟ್ರಾಪನ್ನು ಲೆನ್ಸಿನ ಕಾಲರ್‌ಗೇ (ಲೆನ್ಸ್ ಸುತ್ತ ಇರುವ ಬಳೆಗೆ) ಹಾಕಿ, ಇಲ್ಲದಿದ್ದರೆ ಎಳೆತವೆಲ್ಲ ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗದ ಮೇಲೆ ಬೀಳುತ್ತದೆ.