ರಕ್ಷಣಾ ಬಜೆಟ್ ಮಾದರಿ: ಎರಡನೇ ಹಂತವನ್ನು ಒಡೆದದ್ದು

ಪೆರ್ಲದಲ್ಲಿ ಮಳೆ ಬಿಡುತ್ತಿಲ್ಲ, ಅಡಿಕೆಗೆ ಮದ್ದು ಬಿಡುವ ಕೆಲಸ ನಿಂತಿದೆ. ಹಾಗಾಗಿ ದೇಶದ ರಕ್ಷಣಾ ಬಜೆಟ್ಟನ್ನು ಯಾವುದಕ್ಕೆ ಎಷ್ಟು ಹಂಚಬೇಕೆಂದು ಲೆಕ್ಕ ಹಾಕುವ ನನ್ನ ಸ್ಪ್ರೆಡ್‌ಶೀಟ್ ಒಂದಿಷ್ಟು ಮುಂದೆ ಸರಿಯಿತು.

ವಿಧಾನ: ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರಾಸೆಸ್), ಅಂದರೆ ನಿರ್ಧಾರವನ್ನು ಹಂತಹಂತವಾಗಿ ಒಡೆದು ತೂಗುವ ಕ್ರಮ. ಸಾಟಿ ಮೊದಲು ಅಮೆರಿಕದ ಶಸ್ತ್ರಾಸ್ತ್ರ ನಿಯಂತ್ರಣ ಸಂಸ್ಥೆಯಲ್ಲಿದ್ದವರು; ರಕ್ಷಣೆಯ ಲೆಕ್ಕ ಈ ವಿಧಾನಕ್ಕೆ ಹೊಸತಲ್ಲ. ಮರದ ಹಾಗೆ ಕವಲೊಡೆಯುವ ನಕ್ಷೆ ಅದು: ಮೇಲೆ ಗುರಿ, ಎರಡನೇ ಹಂತದಲ್ಲಿ ಮಾನದಂಡಗಳು, ಅದರ ಕೆಳಗೆ ಖರ್ಚಿನ ಬಾಬತ್ತುಗಳು. ಎರಡೆರಡನ್ನೇ ಹೋಲಿಸಿ 1ರಿಂದ (ಎರಡೂ ಸಮ) 9ರ ಒಳಗೆ ಅಂಕ ಕೊಡಬೇಕು.

ಅಂಕ ಕೊಡುವವರು ನೆರೆಮನೆಯ ನಿವೃತ್ತ ಹವಾಲ್ದಾರರು. ಯುದ್ಧಸನ್ನದ್ಧತೆ ಆಧುನೀಕರಣಕ್ಕಿಂತ 3 ಪಟ್ಟು ಮುಖ್ಯ, ಆಧುನೀಕರಣ ದೇಶೀಯ ಉತ್ಪಾದನೆಗಿಂತ 3 ಪಟ್ಟು. ಹಾಗಾದರೆ ಸನ್ನದ್ಧತೆಗೂ ದೇಶೀಯ ಉತ್ಪಾದನೆಗೂ 9 ಬರಬೇಕಲ್ಲ? ಅವರು ‘ಎರಡೂ ಸಮ’ ಎಂದರು. ಅಂಕಗಳು ಒಂದಕ್ಕೊಂದು ಎಷ್ಟು ತಾಳೆ ತಪ್ಪಿವೆ ಎಂದು ಅಳೆಯುವ ಅಸಂಗತಿಯ ಅನುಪಾತ 0.48ಕ್ಕೆ ಏರಿತು. ಒಪ್ಪಬಹುದಾದ ಮಿತಿ 0.10.

ಇಂಥಲ್ಲಿ ಅಂಕ ತಿದ್ದಿಸಿಕೊಳ್ಳುವುದು ರೂಢಿ. ಅದು ನನಗೆ ಒಗ್ಗುವುದಿಲ್ಲ. ಉತ್ತರ ಹೇಳಿಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಕಾರಣ ಕೇಳಿದೆ. “ಮಾಸ್ತರೇ, ಗುಂಡು ಗೋದಾಮಿನಲ್ಲಿರುತ್ತದೆ. ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ಟ್ಯಾಂಕ್ ನಿಂತಲ್ಲೇ ನಿಲ್ಲುತ್ತದೆ” ಎಂದರು. ಒಂದೇ ಪದದಡಿ ಎರಡು ವಿಷಯಗಳನ್ನು ತುರುಕಿದ್ದು ನನ್ನ ಮರ, ತಪ್ಪು ಅವರದಲ್ಲ. ಸನ್ನದ್ಧತೆಯನ್ನು ಮದ್ದುಗುಂಡು ದಾಸ್ತಾನು, ಬಿಡಿಭಾಗ-ದುರಸ್ತಿ ಎಂದು ಒಡೆದೆ. ಮಾನದಂಡ ನಾಲ್ಕಾಯಿತು, ಹೋಲಿಕೆಗಳು ಆರು. ಅನುಪಾತ 0.04ಕ್ಕಿಳಿಯಿತು. ಮದ್ದುಗುಂಡಿನ ತೂಕ, ಅಂದರೆ ಒಟ್ಟು 1ರಲ್ಲಿ ಅದರ ಪ್ರಾಮುಖ್ಯದ ಪಾಲು, 0.49; ದೇಶೀಯ ಉತ್ಪಾದನೆಯದು 0.09. ಬಿಡಿಭಾಗವೂ ದೇಶೀಯ ಉತ್ಪಾದನೆಯೂ ಒಂದನ್ನೊಂದು ಹಿಡಿದುಕೊಂಡಿವೆ, ಅದು ಮರದಲ್ಲಿ ಕಾಣುವುದಿಲ್ಲ. ಸಾಟಿಯವರದೇ ಜಾಲ ವಿಧಾನ ಎಎನ್‌ಪಿ ಇರುವುದು ಅಂಥದ್ದಕ್ಕೆ. ಸದ್ಯಕ್ಕೆ ಬೇಡ.

ಈ ತೂಕವನ್ನು ಇಡೀ ಬಜೆಟ್‌ಗೆ ಗುಣಿಸುವುದು ಶುದ್ಧ ತಮಾಷೆ. 2025-26ರ ಅಂದಾಜು 6.81 ಲಕ್ಷ ಕೋಟಿ ರೂಪಾಯಿ, ಪಿಂಚಣಿಯೇ 1.61 ಲಕ್ಷ ಕೋಟಿ. ಸಂಬಳವನ್ನೂ ಮುಟ್ಟುವಂತಿಲ್ಲ. ಬಂಡವಾಳ ವೆಚ್ಚದ 1.80 ಲಕ್ಷ ಕೋಟಿಯಲ್ಲೂ ಹಳೆಯ ಒಪ್ಪಂದಗಳ ಕಂತುಗಳಿವೆ. ಆದ್ದರಿಂದ ಬದ್ಧ ಖರ್ಚನ್ನು ಮೊದಲು ಕಳೆದು, ಉಳಿದದ್ದಕ್ಕೆ ಮಾತ್ರ ತೂಕ ಹಾಕುವ ಕಾಲಂ ಸೇರಿಸಿದ್ದೇನೆ.

ಮುಂದಿನದು ಕ್ರಮಪಲ್ಲಟದ ಪರೀಕ್ಷೆ. ಇರುವ ಆಯ್ಕೆಯೊಂದರ ನಕಲನ್ನು ಸೇರಿಸಿದರೆ ಮೊದಲ ಸ್ಥಾನವೇ ಬದಲಾಗಬಹುದೆಂದು 1983ರಲ್ಲಿ ಬೆಲ್ಟನ್ ಮತ್ತು ಗಿಯರ್ ಎಂಬ ಸಂಶೋಧಕರು ತೋರಿಸಿದ್ದರು. ಒಂದೇ ಬಗೆಯ ಎರಡು ಫಿರಂಗಿ ಯೋಜನೆಗಳನ್ನು ಇಟ್ಟು ನೋಡಬೇಕು. ನೌಕಾಪಡೆಯ ಹಾಳೆ ಖಾಲಿಯೇ ಇದೆ. ಹಡಗಿನ ವಿಷಯ ತಮ್ಮಲ್ಲಿ ಕೇಳಬೇಡಿ ಎಂದು ಹವಾಲ್ದಾರರು ಖಂಡಿತವಾಗಿ ಹೇಳಿದ್ದಾರೆ. ಕುಂಬಳೆ, ಮಂಜೇಶ್ವರದ ಕಡೆ ನೌಕಾಪಡೆಯಿಂದ ನಿವೃತ್ತರಾದವರನ್ನು ಹುಡುಕುತ್ತಿದ್ದೇನೆ.